ಯಾರ ಮೈಗೆ ಕೂತರೆ ಅವರ ಅಂಗಿ

ಬಿಟ್ಟ ಉಸಿರು ಮೀಸೆಯ ಮೇಲೇ ಹೆಪ್ಪುಗಟ್ಟುವಂಥ ಸೀಮೆಯೊಂದಿತ್ತು. ಅದಕ್ಕೆ ಬೆಳ್ಗಿರಿ ಅಂತ ಹೆಸರು. ಅಲ್ಲೊಬ್ಬ ರಾಜ ಇದ್ದ. ಅವನ ಅರಮನೆ ಕೆಳಗೆ ಬಯಲಲ್ಲಿ. ನಮ್ಮ ಕಥೆಯ ಊರು ಮೇಲೆ ಗುಡ್ಡದಲ್ಲಿ, ಹೆಸರು ಬೆಣಚಿಹಳ್ಳಿ. ಮಾರ್ಗಶಿರ ಬಂತು ಅಂದರೆ ಅಲ್ಲಿ ಹಿಮ ಬೀಳುತ್ತಿತ್ತು, ಯಾರೋ ಆಕಾಶದಲ್ಲಿ ಕೂತು ಅರಳೆ ಹಿಂಜುತ್ತಿರುವ ಹಾಗೆ. ಪುಷ್ಯದ ಹೊತ್ತಿಗೆ ಬಾಗಿಲು ಅರ್ಧ ಮುಚ್ಚಿಹೋಗುತ್ತಿತ್ತು. ಆಮೇಲೆ ಊರಿಗೆ ಎರಡೇ ಕೆಲಸ. ಅಗ್ಗಿಷ್ಟಿಕೆಗೆ ಸೌದೆ ಹಾಕುವುದು, ಅದರ ಸುತ್ತ ಕೂತು ಉಣ್ಣೆ ಹೆಣೆಯುವುದು.

ಎರಡು ಬಿದಿರು ಕಡ್ಡಿ, ಒಂದು ನೂಲಿನ ಉಂಡೆ. ಹೆಂಗಸರೂ ಹೆಣೆಯುತ್ತಿದ್ದರು, ಗಂಡಸರೂ ಹೆಣೆಯುತ್ತಿದ್ದರು. ಹೆಣೆಯಲು ಬಾರದವನಿಗೆ ಆ ಊರಲ್ಲಿ ಹೆಣ್ಣು ಕೊಡುತ್ತಿರಲಿಲ್ಲ.

ಊರಿಗೆ ಒಂದು ಕಟ್ಟಳೆ ಇತ್ತು. ಉಣ್ಣೆ ಅಂಗಿ ಯಾರ ಮೈಗೆ ಕೂರುತ್ತದೋ ಅವರದ್ದು. ಅಣ್ಣನಿಗೆ ಗಿಡ್ಡವಾದದ್ದು ತಮ್ಮನಿಗೆ, ತಮ್ಮನಿಗೆ ಬಿಗಿಯಾದದ್ದು ಪಕ್ಕದ ಮನೆಯ ಕೂಸಿಗೆ. ಇದು ನನ್ನದು ಅಂತ ಪೆಟ್ಟಿಗೆಯಲ್ಲಿ ಮಡಿಸಿಡುವ ಹಾಗಿಲ್ಲ. ಅದಕ್ಕೇ ಆ ಊರಲ್ಲಿ ಚಳಿಗೆ ಕೂಸು ಕಳಕೊಂಡ ಮನೆ ಇರಲಿಲ್ಲ.

ಮೈಲಜ್ಜ ಆ ಊರ ಮುದುಕ. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅವನಿಗಿದ್ದದ್ದು ಒಂದು ಕುರಿ, ಒಬ್ಬಳು ಮಗಳು. ಮಗಳು ಹಾಲವ್ವ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಆ ವರ್ಷ ಊರಲ್ಲಿ ಆಗಲೇ ಏಳು ತೊಟ್ಟಿಲು ತೂಗುತ್ತಿದ್ದವು. ಇದ್ದಬದ್ದ ಚಿಕ್ಕ ಅಂಗಿಗಳೆಲ್ಲ ಚಿಕ್ಕ ಮೈಗಳ ಮೇಲೇ ಇದ್ದವು. ಎಂಟನೆಯ ಕೂಸಿಗೆ ಹೊಸದಾಗಿಯೇ ಹೆಣೆಯಬೇಕು. ಅಜ್ಜಿ ಇದ್ದಿದ್ದರೆ ಅಜ್ಜಿ ಹೆಣೆಯುತ್ತಿದ್ದಳು. ಈಗ ಅಜ್ಜ ಕಡ್ಡಿ ಹಿಡಿದ.

"ಅಪ್ಪಾ, ನಿನ್ನ ಕೈಲಿ ಆಗುತ್ತಾ?" ಅಂದಳು ಹಾಲವ್ವ.

"ಕುರಿ ಕಾಯ್ತಾ ನಡ್ಕೊಂಡೇ ಹೆಣೆದವನು ನಾನು. ಕೂತ್ಕೊಂಡು ಹೆಣೆಯೋಕಾಗಲ್ವಾ?"

"ನೀನು ಹೆಣೆದ ಕಾಲುಚೀಲ ನಿನ್ನ ಅಳಿಯನಿಗೆ ಒಂದು ಮೊಣಕಾಲು ತನಕ ಬಂತು, ಇನ್ನೊಂದು ಹಿಮ್ಮಡಿ ತನಕ."

"ಅದು ಅವನ ಕಾಲಿನ ತಪ್ಪು."

ಒಂದು ಕುರಿಯ ಉಣ್ಣೆ ನೂತರೆ ಮೂರು ಉಂಡೆ ನೂಲು. ಮತ್ತೆ ಕುರಿಗೆ ಉಣ್ಣೆ ಬೆಳೆಯುವುದು ಹಿಮ ಕರಗಿದ ಮೇಲೆ. ಒಂದು ಉಂಡೆಯಲ್ಲಿ ಅಂಗಿ, ಒಂದರಲ್ಲಿ ಕುಲಾವಿ, ಒಂದರಲ್ಲಿ ಹೊದಿಕೆ. ಹೀಗೆ ಅಜ್ಜನ ಎಣಿಕೆ.

ಆ ವರ್ಷ ರಾಜ ಊರಿನ ಯೋಗಕ್ಷೇಮಕ್ಕೆಂದು ಒಬ್ಬ ಪಾರುಪತ್ಯಗಾರನನ್ನು ಕಳಿಸಿದ್ದ. ಹೆಸರು ಕೆಂಚರಸಯ್ಯ. ಬಿಸಿಲು ಸೀಮೆಯವನು, ಹತ್ತಿ ಕಂಡವನು, ಉಣ್ಣೆ ಕಂಡವನಲ್ಲ. ಕೇಳಿ ತಿಳಿಯುವ ಅಭ್ಯಾಸವೂ ಇರಲಿಲ್ಲ. ಬರುವಾಗ ಒಂದು ಬೇಟೆನಾಯಿಯ ಪುಟ್ಟ ಮರಿ ತಂದಿದ್ದ, ಕಷಾಯ ಕುಡಿಯಲು ಒಂದು ಬೆಳ್ಳಿ ಚೊಂಬು ತಂದಿದ್ದ, ಮೂರು ರೇಷ್ಮೆ ಶಾಲು ತಂದಿದ್ದ. ಶಾಲು ಹೊದ್ದು ಗಡಗಡ ನಡುಗುತ್ತ ಊರು ಸುತ್ತುತ್ತಿದ್ದ.

ಮೊದಲ ಉಂಡೆ ಮುಗಿಯಿತು. ಅಂಗೈ ಅಗಲದ ಬೆನ್ನು, ಹೆಬ್ಬೆರಳಿನಂಥ ತೋಳು. ಒಂದು ತೋಳು ತುಸು ಉದ್ದವಾಗಿತ್ತು. ಅಜ್ಜ ಅದನ್ನು ಅಗ್ಗಿಷ್ಟಿಕೆಯ ಮೇಲಿನ ಹಗ್ಗಕ್ಕೆ ನೇತುಹಾಕಿದ. ಕೆಂಚರಸಯ್ಯ ಬಾಗಿಲು ದೂಡಿಕೊಂಡು ಬಂದ.

"ಇದು ಯಾರಿಗಯ್ಯಾ?"

"ಮೊಮ್ಮಗುವಿಗೆ, ಒಡೆಯಾ."

"ಎಲ್ಲಿ ಮೊಮ್ಮಗು?"

"ಇನ್ನೂ ಹುಟ್ಟಿಲ್ಲ."

"ಹುಟ್ಟದ ಮಗುವಿಗೆ ಮೈ ಎಲ್ಲಿಂದ ಬಂತು? ಊರ ಕಟ್ಟಳೆ ಏನು, ಹೇಳು."

"ಯಾರ ಮೈಗೆ ಕೂರುತ್ತೋ ಅವರದ್ದು."

ಕೆಂಚರಸಯ್ಯ ಅಂಗಿಯನ್ನು ಎಳೆದು ನಾಯಿಗೆ ತೊಡಿಸಿದ. ಕೂತಿತು. ಉದ್ದದ ತೋಳಿನಲ್ಲಿ ನಾಯಿ ಎಡವಿತು, ನಾಚಿ ಮುಖ ತಿರುಗಿಸಿತು. "ನೋಡಿದೆಯಾ? ಕಟ್ಟಳೆ ಅಂದರೆ ಕಟ್ಟಳೆ," ಅಂದ ಕೆಂಚರಸಯ್ಯ. ನಾಯಿಯನ್ನು ಕರೆದುಕೊಂಡು ಹೋದ.

ಅಜ್ಜ ಮತ್ತೆ ಕಡ್ಡಿ ಹಿಡಿದ. ಎರಡನೆಯ ಉಂಡೆ ಬಿಚ್ಚಿದ.

ಎರಡನೆಯ ಉಂಡೆ ಕುಲಾವಿ ಆಯಿತು. ಕಿವಿ ಮುಚ್ಚುವ ಹಾಗೆ ಎರಡು ಎಸಳು, ತುದಿಗೊಂದು ಗೊಂಡೆ. ಈ ಸಲ ಅಜ್ಜ ಜಾಣನಾದ. ನಾಯಿಯ ತಲೆಗೆ ಕೂರದ ಹಾಗೆ ಹೆಣೆದಿದ್ದ. ಕೆಂಚರಸಯ್ಯ ಮತ್ತೆ ಬಂದ. ನಾಯಿಗೆ ಇಟ್ಟು ನೋಡಿದ, ಕೂರಲಿಲ್ಲ. ತನ್ನ ಮೊಣಕಾಲಿಗೆ ಇಟ್ಟು ನೋಡಿದ, ಕೂರಲಿಲ್ಲ. ಆಮೇಲೆ ಆಳಿನ ಕೈಲಿದ್ದ ಕಷಾಯದ ಚೊಂಬಿಗೆ ಮುಚ್ಚಿ ನೋಡಿದ. ಹೇಳಿ ಮಾಡಿಸಿದ ಹಾಗೆ ಕೂತಿತು.

"ಚೊಂಬಿಗೆ ಚಳಿ ಆಗುತ್ತಾ ಒಡೆಯಾ?" ಅಂದಳು ಹಾಲವ್ವ.

"ಕಷಾಯಕ್ಕೆ ಆಗುತ್ತೆ. ಚೊಂಬಿಗೂ ಮೈ ಇದೆ ತಾನೇ? ಕಟ್ಟಳೆ ಅಂದರೆ ಕಟ್ಟಳೆ."

ಹೋಗುವಾಗ ಅವನ ಕಣ್ಣು ಬುಟ್ಟಿಯಲ್ಲಿದ್ದ ಮೂರನೆಯ ಉಂಡೆಯ ಮೇಲೆ ಬಿತ್ತು.

"ಹುಣ್ಣಿಮೆಗೆ ರಾಜರು ಊರಿಗೆ ಬರ್ತಾರೆ. ಅಷ್ಟರೊಳಗೆ ಅದರಲ್ಲಿ ನನಗೊಂದು ಅಂಗಿ ಹೆಣೆ. ಮಂಡಿ ಮುಟ್ಟಬೇಕು."

"ಒಂದು ಉಂಡೆ ಸಾಲದು ಒಡೆಯಾ."

"ಸಾಲೋ ಹಾಗೆ ಮಾಡು. ಇಲ್ಲ ಅಂದರೆ ಹೊರಗೆ ಕಟ್ಟಿದೆಯಲ್ಲ ಕುರಿ, ಅದರ ತೊಗಲು ಸಾಲುತ್ತೆ ನನಗೆ."

ಅವತ್ತು ಅಜ್ಜ ಮುದ್ದೆ ತಟ್ಟೆಯಲ್ಲೇ ಬಿಟ್ಟು ಲೆಕ್ಕ ಹಾಕಿದ. ಅಂಗಿ ಕೊಟ್ಟರೆ ಕೂಸು ಬರಿಮೈ. ಕೊಡದಿದ್ದರೆ ಕುರಿ ಹೋಗುತ್ತದೆ, ಕುರಿಯ ಹಿಂದೆ ಬರುವ ವರ್ಷದ ಉಣ್ಣೆಯೂ ಹೋಗುತ್ತದೆ. ಮಗಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಬೆಂಕಿ ನೋಡುತ್ತ ಕೂತಿದ್ದಳು.

ಆಗ ಚಳಿ ಕಾಯಿಸಿಕೊಳ್ಳಲು ಮಡಿವಾಳ ಚೌಡಯ್ಯ ಬಂದ. ಪಾರುಪತ್ಯಗಾರನ ಬಟ್ಟೆ ಒಗೆಯುವವನು, ಅದೇ ಊರಿನವನು. ಕೈ ಕಾಯಿಸಿಕೊಳ್ಳುತ್ತ ಗೊಣಗಿದ.

"ಏನು ಒಡೆಯನೋ ಮಾವಾ. ಶಾಲು ದಿನಾ ಒಗೀಬೇಕು. ಊರವರು ಮುಟ್ಟಿದ್ದು ಅಂದರೆ ಉಬ್ಬೆಗೇ ಹಾಕಬೇಕು. ಸವಳು ಮಣ್ಣು ಹಾಕಿ, ಹಂಡೇಲಿ ಕುದಿಸಿ, ಕಲ್ಲಿಗೆ ಬಡಿದು ಕೊಟ್ಟರೇನೇ ಅವನ ಮೈಗೆ ಏರೋದು. ನಾಯೀದು, ಚೊಂಬಿಂದು ಆದರೆ ಪರವಾಗಿಲ್ಲವಂತೆ."

ಅಜ್ಜ ತಲೆ ಎತ್ತಿದ. "ಎಲ್ಲಾನೂ ಉಬ್ಬೆಗೇನಾ?"

"ಎಲ್ಲಾನೂ."

ಅಜ್ಜ ತನ್ನ ಕಾಲು ನೋಡಿಕೊಂಡ. ಕಾಲಿಗೆ ಉಣ್ಣೆಯ ಪಾದಗವಸು ಇತ್ತು. ಆ ಊರಿನ ಪಾದಗವಸು ಮಾಡುವ ರೀತಿಯೇ ಬೇರೆ. ಮೊದಲು ಆನೆ ಕಾಲಿಗಾಗುವಷ್ಟು ದೊಡ್ಡದಾಗಿ, ಸಡಿಲವಾಗಿ ಹೆಣೆಯುವುದು. ಆಮೇಲೆ ಬಿಸಿನೀರಲ್ಲಿ ಹಾಕಿ ತುಳಿಯುವುದು. ತುಳಿದಷ್ಟೂ ಉಣ್ಣೆ ಕುಗ್ಗುತ್ತದೆ, ದಪ್ಪವಾಗುತ್ತದೆ. ಕೊನೆಗೆ ಗಾಳಿಯೂ ನುಸುಳದಷ್ಟು ಬಿಗಿಯಾಗುತ್ತದೆ.

ಅಜ್ಜ ಎದ್ದು ಹೋಗಿ ಹಳೆಯ ಬುಟ್ಟಿಯ ಹಿಡಿಯಿಂದ ಹೆಬ್ಬೆರಳು ದಪ್ಪದ ಎರಡು ಕಡ್ಡಿ ಸೀಳಿ ತಂದ. ಕಡ್ಡಿ ದಪ್ಪ, ಕುಣಿಕೆ ಸಡಿಲ. ಒಂದೊಂದು ಕುಣಿಕೆಯಲ್ಲೂ ಗುಬ್ಬಚ್ಚಿ ತೂರಿ ಹೋಗಬಹುದಿತ್ತು. ಇದ್ದ ಒಂದೇ ಉಂಡೆ ಮಂಡಿಯ ತನಕ ಬಂತು.

"ಇದೇನಪ್ಪಾ, ಮೀನಿನ ಬಲೆಯಾ?" ಅಂದಳು ಹಾಲವ್ವ.

"ಹೌದು ಮಗಳೇ," ಅಂದ ಅಜ್ಜ.

ಕೆಂಚರಸಯ್ಯ ಚೌಡಯ್ಯನನ್ನು ಹಿಂದಿಟ್ಟುಕೊಂಡು ಬಂದು ತೊಟ್ಟುಕೊಂಡು ನೋಡಿದ. ಭುಜಕ್ಕೆ ಸರಿ, ತೋಳಿಗೆ ಸರಿ, ಮಂಡಿಗೆ ಸರಿ. ಮೂರನೆಯ ಸಲ ಹೇಳಿದ, "ಕಟ್ಟಳೆ ಅಂದರೆ ಕಟ್ಟಳೆ."

"ಒಡೆಯಾ, ಒಂದು ಮಾತು. ಇದಕ್ಕೆ ಬಿಸಿನೀರು ತೋರಿಸಬಾರದು," ಅಂದ ಅಜ್ಜ.

"ನಿನ್ನ ಕೊಳೆ ನಾನು ಹೊತ್ತು ತಿರುಗಬೇಕಾ?" ಕೆಂಚರಸಯ್ಯ ಅಂಗಿಯನ್ನು ಎರಡು ಬೆರಳಲ್ಲಿ ಕಳಚಿ ಚೌಡಯ್ಯನ ಮೇಲೆ ಎಸೆದ. "ಉಬ್ಬೆಗೆ ಹಾಕು."

"ಉಣ್ಣೆಗೆ ಉಬ್ಬೆ ಒಗ್ಗಲ್ಲ ಒಡೆಯಾ," ಅಂದ ಚೌಡಯ್ಯ.

"ನಾನು ಕಾಣದ ಉಬ್ಬೆಯಾ? ಹೇಳಿದಷ್ಟು ಮಾಡು. ಎರಡು ಸಲ ಹಾಕು."

ಚೌಡಯ್ಯ ಹೇಳಿದಷ್ಟು ಮಾಡಿದ. ಎರಡು ಸಲ ಹಾಕಿದ.

ಹುಣ್ಣಿಮೆ ಬಂತು. ಅವತ್ತು ಬೆಳಗ್ಗೆ ಹಾಲವ್ವ ಹೆತ್ತಳು. ಹೆಣ್ಣು ಕೂಸು. ಮೊಲದ ಮರಿಯಷ್ಟೇ ಇತ್ತು. ಸೂಲಗಿತ್ತಿ ಹರಕು ಕಂಬಳಿಯಲ್ಲಿ ಸುತ್ತಿ ತಾಯಿಯ ಎದೆಗೆ ಒತ್ತಿದಳು. "ಮೈಲಣ್ಣಾ, ಸಂಜೆಯೊಳಗೆ ಇದರ ಮೈಗೊಂದು ಅಂಗಿ ಬೀಳಬೇಕು. ಉಗುರೆಲ್ಲ ನೀಲಿ ಆಗ್ತಿದೆ," ಅಂದಳು. ಅಜ್ಜ ಬಾಗಿಲು ತೆಗೆದು ಹಾದಿ ನೋಡಿದ. ಮುಚ್ಚಿದ. ಮತ್ತೆ ತೆಗೆದ.

ಮಧ್ಯಾಹ್ನಕ್ಕೆ ರಾಜ ಬಂದ. ಊರಲ್ಲಿ ಯಾವ ಮನೆಯ ಅಗ್ಗಿಷ್ಟಿಕೆ ದೊಡ್ಡದೋ ಅಲ್ಲಿ ಕೂತು ಎಲ್ಲರ ಜೊತೆ ಹುರುಳಿ ಸಾರು ಕುಡಿಯುವುದು ಅವನ ವಾಡಿಕೆ. ಮೈಲಜ್ಜನ ಪಡಸಾಲೆಯ ಅಗ್ಗಿಷ್ಟಿಕೆಯೇ ದೊಡ್ಡದು. ರಾಜ ಬಂದು ಕೂತ, ಊರು ಸುತ್ತ ಕೂತಿತು. ಸಾರು ಇನ್ನೂ ಬಡಿಸಿರಲಿಲ್ಲ, ರೇಷ್ಮೆ ಶಾಲಿನಲ್ಲಿ ಹಲ್ಲು ಕಟಕಟ ಅನ್ನಿಸುತ್ತ ಕೆಂಚರಸಯ್ಯ ಓಡಿಬಂದ. ಹಿಂದೆ ಚೊಂಬು ಹಿಡಿದ ಆಳು. ಅವನ ಹಿಂದೆ ಅಂಗಿ ತೊಟ್ಟ ನಾಯಿ. ಕೆಂಚರಸಯ್ಯನ ಕೈಯಲ್ಲಿ ಗೇಣುದ್ದದ ಏನೋ ಒಂದು ಇತ್ತು.

"ಮೋಸ ಪ್ರಭು. ಈ ಮುದುಕ ನನಗೆ ಹೆಣೆದ ಅಂಗಿ ನೋಡಿ. ಮಂಡಿ ತನಕ ಇತ್ತು. ಉಬ್ಬೆಯಿಂದ ಬರೋವಾಗ ಹೀಗಾಗಿದೆ."

"ಉಬ್ಬೆಗೆ ಹಾಕಬಾರದು ಅಂತ ಯಾರೂ ಹೇಳಲಿಲ್ಲವೇ?"

"ನಾನು ಹೇಳಿದೆ ಸ್ವಾಮಿ," ಅಂದ ಅಜ್ಜ.

"ನಾನೂ ಹೇಳಿದೆ," ಅಂದ ಚೌಡಯ್ಯ.

ರಾಜ ಪಾರುಪತ್ಯಗಾರನ ಕಡೆ ತಿರುಗಿದ. "ಮುದುಕನ ಉಣ್ಣೆ ನಿನ್ನದು ಹೇಗಾಯಿತು?"

ಕೆಂಚರಸಯ್ಯ ಎದೆ ಸೆಟೆಸಿದ. "ಊರ ಕಟ್ಟಳೆ ಪ್ರಭು. ಯಾರ ಮೈಗೆ ಕೂರುತ್ತೋ ಅವರದ್ದು. ಕಟ್ಟಳೆ ಅಂದರೆ ಕಟ್ಟಳೆ."

"ಹೌದಾ? ಹಾಗಾದರೆ ತೊಡು."

ಕೆಂಚರಸಯ್ಯ ತಲೆ ತೂರಿಸಿದ. ನೆತ್ತಿ ದಾಟಲಿಲ್ಲ. ಕೈ ತೂರಿಸಿದ. ಮೂರು ಬೆರಳು ಹೋಗಿ ಸಿಕ್ಕಿಕೊಂಡವು. ಹಿಂದೆ ಕೂತ ಮುದುಕಿಯೊಬ್ಬಳು, "ಮೂಗಿಗೆ ಹಾಕಿ ನೋಡಿ ಒಡೆಯಾ, ಅದು ಕೆಂಪಗಾಗಿದೆ," ಅಂದಳು. ಪಡಸಾಲೆ ನಕ್ಕಿತು. ಆ ನಗುವಿಗೆ ಒಳಮನೆಯಲ್ಲಿ ಕೂಸು ಎಚ್ಚರಗೊಂಡು ಅತ್ತಿತು.

ಅಜ್ಜ ಎದ್ದ. ಕೆಂಚರಸಯ್ಯನ ಬೆರಳಿಂದ ಅಂಗಿ ಬಿಡಿಸಿಕೊಂಡ. ಒಳಗೆ ಹೋಗಿ ಕೂಸಿಗೆ ತೊಡಿಸಿ, ಎತ್ತಿಕೊಂಡು ಹೊರಗೆ ಬಂದ. ಕುತ್ತಿಗೆಗೆ ಸರಿ, ತೋಳಿಗೆ ಸರಿ, ಕಾಲು ಮುಚ್ಚಿ ಮೇಲೆ ಎರಡು ಬೆರಳು ಮಿಕ್ಕಿತ್ತು. ಉಣ್ಣೆ ದಪ್ಪಗೆ, ಬಿಗಿಯಾಗಿ, ಉಬ್ಬೆಯ ದಯೆಯಿಂದ ಅಪ್ಪಟ ಬಿಳಿಯಾಗಿತ್ತು.

"ಕಟ್ಟಳೆ ಅಂದರೆ ಕಟ್ಟಳೆ," ಅಂದ ರಾಜ. ಆಮೇಲೆ ಚೊಂಬಿನ ಮೇಲಿನ ಗೊಂಡೆಯ ಕುಲಾವಿಯನ್ನು ನೋಡಿದ. "ಇದೇನು?"

"ಅದರ ಮೈಗೂ ಕೂತಿತ್ತು ಪ್ರಭು," ಅಂದ ಕೆಂಚರಸಯ್ಯ. ದನಿ ಈಗ ಕೇಳಿಸುವಷ್ಟೇ ಇತ್ತು.

ರಾಜ ತಾನೇ ಕೈ ಚಾಚಿ ಕುಲಾವಿ ತೆಗೆದು ಕೂಸಿನ ತಲೆಗೆ ಇಟ್ಟ. ಚೊಂಬಿನ ಬಿಸಿಗೆ ಅದು ಬೆಚ್ಚಗಿತ್ತು, ಶುಂಠಿಯ ಘಮ ಇತ್ತು. ಕೂಸು ಅಳು ನಿಲ್ಲಿಸಿತು. ಅಜ್ಜ ಒಳಗೆ ತಂದು ಕೊಟ್ಟಾಗ ಹಾಲವ್ವ ಅದರ ಬೆರಳು ಬಿಡಿಸಿ ನೋಡಿದಳು. ನೀಲಿ ಉಗುರು ಸಂಜೆಯ ಹೊತ್ತಿಗೆ ಕೆಂಪಾಯಿತು.

ನಾಯಿಯ ಅಂಗಿ ನಾಯಿಗೇ ಉಳಿಯಿತು. ಅದು ಯಾರದನ್ನೂ ಕಸಿದುಕೊಂಡಿರಲಿಲ್ಲ. ತೊಟ್ಟಿಲ ಕೆಳಗೆ ಹೋಗಿ ಮಲಗಿದ್ದು ಮತ್ತೆ ಎದ್ದು ಹಳೆಯ ಒಡೆಯನ ಮನೆಗೆ ಹೋಗಲಿಲ್ಲ.

ಕೆಂಚರಸಯ್ಯನ ಪಾರುಪತ್ಯ ಅವತ್ತೇ ಹೋಯಿತು. "ಹಿಮ ಕರಗುವ ತನಕ ಇಲ್ಲೇ ಇರು. ಎರಡು ಕಡ್ಡಿ ಹಿಡಿ. ನಿನ್ನ ಅಂಗಿ ನೀನೇ ಹೆಣೆದುಕೋ," ಅಂದ ರಾಜ. ಊರವರು ತಲಾ ಒಂದು ಹಿಡಿ ಉಣ್ಣೆ ಕೊಟ್ಟರು. ಮೈಲಜ್ಜನೇ ಕೂರಿಸಿಕೊಂಡು ಕುಣಿಕೆ ಹಾಕುವುದು ಹೇಳಿಕೊಟ್ಟ. ಮಾಘದ ಕೊನೆಗೆ ಅಂಗಿ ಮುಗಿಯಿತು. ಒಂದು ತೋಳು ಬೆನ್ನಿಗೆ ಅಂಟಿತ್ತು, ಕುತ್ತಿಗೆ ಸೊಂಟದ ಹತ್ತಿರ ಇತ್ತು. ಊರಲ್ಲಿ ಯಾರ ಮೈಗೂ ಅದು ಕೂರಲಿಲ್ಲ. ಹಾಗಾಗಿ ಅದನ್ನು ಅವನಿಂದ ಯಾರೂ ಕೇಳಲಿಲ್ಲ. ಅದನ್ನೇ ತೊಟ್ಟು ಅವನು ಉಳಿದ ಚಳಿಗಾಲ ಕಳೆದ. ಬೆಚ್ಚಗೇ ಇತ್ತಂತೆ.

ಎಲ್ಲರನ್ನೂ ಕಾಯಲಿ ಅಂತ ಹಿರಿಯರು ಮಾಡಿದ ಕಟ್ಟಳೆಯನ್ನು ತನ್ನೊಬ್ಬನ ಅಳತೆಗೆ ಎಳೆದುಕೊಂಡವನಿಗೆ, ಕೊನೆಗೆ ಅದೇ ಕಟ್ಟಳೆ ಗಿಡ್ಡವಾಗುತ್ತದೆ. ಇದೇ ಈ ಕಥೆಯ ನೀತಿ.

ನನ್ನ ಉಂಡೆಯ ನೂಲು ಇಷ್ಟೇ ಇತ್ತು. ಗಂಟು ಹಾಕಿದೆ. ಬೆಂಕಿ ಆರುತ್ತಿದೆ, ಯಾರಾದರೂ ಒಂದು ಸೌದೆ ಹಾಕಿ.