ಬಾಣದ ಗುರುತು

ಹೊಳೆದಂಡೆಯ ಮೇಲೊಂದು ಸಣ್ಣ ಮಠ. ಅಲ್ಲಿದ್ದ ಗುರುಪಾದಯ್ಯನವರನ್ನು ಎಲ್ಲರೂ ಅಜ್ಜಾರು ಅಂತಲೇ ಕರೆಯುತ್ತಿದ್ದರು. ಅವರಿಗೊಬ್ಬ ಶಿಷ್ಯ, ಅಡಿವೆಪ್ಪ.

ಅಡಿವೆಪ್ಪ ಮೊದಲು ಪೇಟೆಯಲ್ಲಿ ಟಿವಿ ರಿಪೇರಿ ಮಾಡುತ್ತಿದ್ದ. ಹೆಂಡತಿ ತೀರಿಕೊಂಡ ಮೇಲೆ ಅಂಗಡಿಗೆ ಬೀಗ ಜಡಿದು, ಹೊಳೆಗೆ ಹಾರಲೆಂದೇ ಇಲ್ಲಿಗೆ ಬಂದವನು. ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಅಜ್ಜಾರು ಊರು ಕೇಳಲಿಲ್ಲ, ಹೆಸರು ಕೇಳಲಿಲ್ಲ.

"ಈ ತುದಿ ಹಿಡಿಯಪಾ, ಹಿಂಡೋಣು" ಅಂತ ಒದ್ದೆ ಧೋತರದ ಒಂದು ತುದಿಯನ್ನು ಅವನ ಕೈಗೆ ಕೊಟ್ಟರು.

ಧೋತರ ಹಿಂಡಿದ್ದಾಯಿತು, ಒಣಹಾಕಿದ್ದಾಯಿತು, ರೊಟ್ಟಿ ತಿಂದದ್ದೂ ಆಯಿತು. ಅಡಿವೆಪ್ಪ ಅಲ್ಲೇ ಉಳಿದ.

ಇಂಥ ಉಪಕಾರವನ್ನು ತೀರಿಸುವುದು ಹೇಗೆ? ಅಡಿವೆಪ್ಪನಿಗೆ ಅದೇ ಚಿಂತೆ. ಶಾಲು ತಂದು ಹೊದಿಸಿದ. ಮರುದಿನ ಅದು ದೋಣಿಯ ಅಂಬಿಗನ ಹೆಗಲ ಮೇಲಿತ್ತು. ಬುಟ್ಟಿ ತುಂಬ ಮಾವಿನಹಣ್ಣು ತಂದ. ಅಜ್ಜಾರು ಒಂದು ಹಣ್ಣು ಚೀಪಿ ಬುಟ್ಟಿಯನ್ನು ಶಾಲೆಯ ಮಕ್ಕಳಿಗೆ ಕಳಿಸಿಬಿಟ್ಟರು. ಅಡಿವೆಪ್ಪ ಮುಖ ಊದಿಸಿಕೊಂಡು ಓಡಾಡಿದ. ಪಾಪ, ಅವನ ಸಂಕಟ ಅವನಿಗೆ!

ಹೀಗಿರುವಾಗ ಅಜ್ಜಾರ ಕಿವಿ ಮಂದವಾಯಿತು. ಹತ್ತಿರ ಕೂತು ಆಡಿದ ಮಾತು ಕೇಳುತ್ತಿತ್ತು, ಗೇಟಿನ ಗಂಟೆ ಮಾತ್ರ ಕೇಳದಾಯಿತು. ಅಡಿವೆಪ್ಪ ಹೊಲದ ಕಡೆ ಹೋದಾಗ ಬಂದವರು ಬಾರಿಸಿ ಬಾರಿಸಿ, "ಅಜ್ಜಾರಿಗೆ ನಾವು ಬ್ಯಾಡಾಗೇವಿ" ಅಂತ ನೊಂದುಕೊಂಡು ತಿರುಗಿ ಹೋಗುತ್ತಿದ್ದರು. ಅದು ತಿಳಿದ ದಿನ ಅಜ್ಜಾರು ಊಟಕ್ಕೆ ಏಳಲಿಲ್ಲ.

ಕಿವಿಗೆ ಕೇಳದಿದ್ದರೆ ಕಣ್ಣಿಗೆ ಕಾಣಲಿ ಅಂದುಕೊಂಡ ಅಡಿವೆಪ್ಪ.

ಪೇಟೆಗೆ ಹೋಗಿ ಹೇಳಿಕೊಟ್ಟ ಕೆಲಸ ಮಾಡುವ ಎರಡು ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡು, ಒಂದು ಸುರುಳಿ ಎಲ್‌ಇಡಿ ಪಟ್ಟಿ ತಂದ. ಗೇಟಿನಲ್ಲಿ ಗುಂಡಿ ಒತ್ತಿದರೆ ತಂತಿಯಿಲ್ಲದೆ, ವೈಫೈಯಲ್ಲೇ ಸುದ್ದಿ ಬಂದು ಅಜ್ಜಾರ ಕೋಣೆಯ ಗೋಡೆಯ ತುಂಬ ಅರಿಶಿನದ ಬೆಳಕು ಹರಡಬೇಕು. ಇದನ್ನು ಯಾರಿಗೂ ಎತ್ತಿ ಕೊಡುವ ಹಾಗಿಲ್ಲ, ಗೋಡೆಗೇ ಅಂಟಿರುತ್ತದಲ್ಲ! ಇದೊಂದು ಒಪ್ಪಿಸಿದರೆ ಋಣ ತೀರಿತು, ನೆಮ್ಮದಿಯಾಗಿ ಪೇಟೆಗೆ ಮರಳಿ ಅಂಗಡಿ ತೆರೆಯಬಹುದು ಅನ್ನುವುದು ಅವನ ಎಣಿಕೆ.

ಕೋಣೆಯ ಸೂರಿನ ಕೆಳಗೆ, ಮರದ ಪಟ್ಟಿಯ ಮರೆಯಲ್ಲಿ, ದೀಪದ ಪಟ್ಟಿ ಅಂಟಿಸಿದ. ಬೆಸುಗೆ ಹಾಕಿದ. ಬೋರ್ಡಿಗೆ ಪ್ರೋಗ್ರಾಮ್ ತುಂಬಿದ. ಸಂಜೆ ಗೇಟಿಗೆ ಹೋಗಿ ಗುಂಡಿ ಒತ್ತಿ ಓಡಿ ಬಂದು ನೋಡಿದ.

ಒಂದು ದೀಪವೂ ಮಿಣುಕಲಿಲ್ಲ.

ಮತ್ತೆ ಒತ್ತಿದ, ಮತ್ತೆ ಓಡಿ ಬಂದ. ಊಹೂಂ. ತಲೆಯ ಮೇಲೆ ಕೈಹೊತ್ತು ಕೂತುಬಿಟ್ಟ.

ಹೊಳೆಯಿಂದ ಬಂದ ಅಜ್ಜಾರು ಒಗೆದ ಬಟ್ಟೆಯ ಬಕೆಟ್ಟನ್ನು ಬಾಗಿಲಲ್ಲಿ ಇಟ್ಟರು.

"ಏನಾತೋ ಅಡಿವೆಪ್ಪ?"

"ಹತ್ತವಲ್ದ್ರೀ ಅಜ್ಜಾರ!" ಅವರ ಕಿವಿಯ ಹತ್ತಿರ ಬಂದು ಕೂಗಿದ.

"ಮೆಲ್ಲಗ ಹೇಳೋ ಮಾರಾಯ. ಆಚೀ ದಂಡಿಗೂ ಕೇಳಿಸ್ತು."

ಅಡಿವೆಪ್ಪ ಏಣಿ ಹತ್ತಿ ಪಟ್ಟಿಯನ್ನು ಕಣ್ಣಿಗೆ ಹಿಡಿದು ನೋಡಿದ. ಮರುಗಳಿಗೆ ಹಣೆ ಚಚ್ಚಿಕೊಂಡು ಇಳಿದು ಅಜ್ಜಾರ ಪಕ್ಕಕ್ಕೆ ಬಂದ.

"ಥೂ ನನ್ನ! ಬಾಲದ ಕಡೆ ವೈರ್ ಹಚ್ಚೀನ್ರಿ. ಪಟ್ಟಿ ಮ್ಯಾಲ ಸಣ್ಣ ಬಾಣ ಐತಿ. ಕರೆಂಟ್ ಯಾವ ಕಡೆಯಿಂದ ಕೊಟ್ರೂ ನಡೀತೈತಿ, ಸುದ್ದಿ ಮಾತ್ರ ಬಾಣದ ದಿಕ್ಕಿಗೇ ಹೋಗಬೇಕು. ಹಿಂದಿನಿಂದ ಕೊಟ್ರ ತಗೊಳ್ಳೂದಿಲ್ಲ."

"ಮುಂದಿನಿಂದ ಕೊಟ್ರ ಎಲ್ಲಾ ದೀಪಕ್ಕೂ ಹೆಂಗ ಮುಟ್ತೈತಿ?"

"ಮೊದಲನೇ ದೀಪ ತನ್ನ ಪಾಲಿನದಷ್ಟ ಇಟ್ಕೊಂಡು ಉಳಿದದ್ದನ್ನ ಮುಂದಿನದಕ್ಕ ದಾಟಸ್ತೈತ್ರಿ. ಅದೂ ತನ್ನದು ತಗೊಂಡು ಮುಂದಕ್ಕ ಕೊಡ್ತೈತಿ. ಹಂಗ ಕಡೀತನಕ."

"ನಡುವ ಒಂದು ದೀಪ ದಾಟಿಸದ ಸುಮ್ಮನ ಕುಂತ್ರ?"

"ಅದರ ಮುಂದಿನವೆಲ್ಲಾ ಕತ್ತಲೀರಿ, ಅಜ್ಜಾರ."

ಅಜ್ಜಾರು ನಕ್ಕರು.

"ಇಷ್ಟೆಲ್ಲಾ ಗೊತ್ತಿದ್ದಾಂವ, ಶಾಲು ಅಂಬಿಗನ ಹೆಗಲ ಮ್ಯಾಲ ಕಂಡಾಗ ಮುಖ ಯಾಕ ಊದಿಸಿದ್ದಿ?"

ಅಡಿವೆಪ್ಪ ಮತ್ತೆ ಏಣಿ ಹತ್ತಿ ವೈರನ್ನು ಬಿಚ್ಚಿ ಸರಿಯಾದ ತುದಿಗೆ ಬೆಸುಗೆ ಹಾಕಿದ. ಗೇಟಿಗೆ ಓಡಿ ಗುಂಡಿ ಒತ್ತಿದ.

ತಿರುಗಿ ಬರುವಷ್ಟರಲ್ಲಿ ಕೋಣೆಯ ಗೋಡೆಯೆಲ್ಲ ಅರಿಶಿನ ಹಚ್ಚಿದ ಮದುಮಗಳ ಮುಖದ ಹಾಗಿತ್ತು. ಅಜ್ಜಾರು ಆ ಬೆಳಕಿಗೆ ಕೈಮುಗಿದು ನಿಂತಿದ್ದರು. ಅವರ ಕಣ್ಣು ಒದ್ದೆಯಾಗಿತ್ತು.

"ಇನ್ನ ನನ್ನ ಬಾಗಿಲಿಂದ ಯಾರೂ ನೊಂದು ಹೊಳ್ಳಿ ಹೋಗೂದಿಲ್ಲ. ಇದು ನನ್ನ ಪಾಲಿನದು, ಇಟ್ಕೋತೀನಿ. ನಿನ್ನ ಕೈ ತಣ್ಣಗಿರಲಿ, ಮಗನ."

ಅಡಿವೆಪ್ಪನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅಜ್ಜಾರ ಪಾದದ ಮೇಲೆ ಹಣೆಯಿಟ್ಟ.

"ಹಂಗಾರ ನನ್ನ ಋಣ ತೀರಿತೇನ್ರಿ? ನಾಳೆ ಪ್ಯಾಟಿಗೆ ಹೊರಡಲೇನ್ರಿ?"

ಅಜ್ಜಾರಿಗೆ ಕೇಳಿಸಿತೋ ಇಲ್ಲವೋ, ಹೋಗಿ ಚಾಪೆಯ ಮೇಲೆ ಕೂತರು. ಬೆಳಕು ಮೆಲ್ಲಗೆ ಆರಿತು.

ಆರಿದ್ದೇ ತಡ, ಮತ್ತೆ ಗೋಡೆ ಹಳದಿಯಾಯಿತು. ಈ ಸಲ ಗುಂಡಿ ಒತ್ತಿದವನು ಅಡಿವೆಪ್ಪನಲ್ಲ.

ಕಿಟಕಿಯಿಂದ ಇಣುಕಿದ. ಗೇಟಿನಲ್ಲಿ ಒಬ್ಬ ಗುರುತಿಲ್ಲದ ಮನುಷ್ಯ ನಿಂತಿದ್ದ. ಕೈಯಲ್ಲಿ ಚೀಲವಿಲ್ಲ, ಕಾಲಲ್ಲಿ ಚಪ್ಪಲಿಯಿಲ್ಲ. ಒಮ್ಮೆ ಗೇಟನ್ನು ನೋಡುತ್ತಿದ್ದ, ಒಮ್ಮೆ ಹೊಳೆಯನ್ನು ನೋಡುತ್ತಿದ್ದ. ಆ ನೋಟ ಅಡಿವೆಪ್ಪನಿಗೆ ಗೊತ್ತಿತ್ತು. ಅಜ್ಜಾರ ಹತ್ತಿರ ಓಡಿದ.

"ಅಜ್ಜಾರ, ಲಗೂನ ಏಳ್ರಿ! ನೀವ ಬರಬೇಕ್ರಿ. ಅವಗ ಏನ್ ಹೇಳಬೇಕು ಅನ್ನೂದು ನನಗ ತಿಳಿಯೂದಿಲ್ರಿ."

ಅಜ್ಜಾರು ಬಾಗಿಲವರೆಗೆ ಬಂದರು. ಬಕೆಟ್ಟಿನಿಂದ ಒದ್ದೆ ಧೋತರವನ್ನು ತೆಗೆದು ಅಡಿವೆಪ್ಪನ ಕೈಯಲ್ಲಿಟ್ಟರು.

"ಇದನ್ನ ಇನ್ನೂ ಹಿಂಡಿಲ್ಲ. ಒಂದು ತುದಿ ನೀ ಹಿಡಿ, ಇನ್ನೊಂದು ಅವನ ಕೈಯಾಗ ಕೊಡು."