ದಾರ ಕಟ್ಟಿದ ಹೀರೇಕಾಯಿ

"ಗುರುಗಳೇ, ಒಬ್ಬರ ತಪ್ಪನ್ನು ಕ್ಷಮಿಸಿದ ಮೇಲೆ ಇನ್ನೇನು ಮಾಡುವುದು ಬಾಕಿ ಇರುತ್ತದೆ?" ಎಂದು ಶಿಷ್ಯ ಈಶ್ವರಯ್ಯ ಕೇಳಿದ.

ಬೇಸಿಗೆಯ ಸಂಜೆ. ಗುರುಗಳು ಆಶ್ರಮದ ಕೈತೋಟದಲ್ಲಿ ತೊಂಡೆ ಚಪ್ಪರದ ಕೆಳಗೆ ಕೂತು, ಒಣಗಿದ ಹರಿವೆ ತೆನೆಯನ್ನು ಮೊರದಲ್ಲಿ ಉಜ್ಜಿ ಬೀಜ ಬಿಡಿಸುತ್ತಿದ್ದರು. ಏನಾಯಿತು ಎಂದು ಕೇಳಿದರು.

ಈಶ್ವರಯ್ಯ ಹೇಳಿದ. ಅವನ ಜೊತೆಯ ಶಿಷ್ಯ ಬೊಮ್ಮಯ್ಯ ಒಂದು ದಿನ ಮಟಮಟ ಮಧ್ಯಾಹ್ನ ಬದನೆ ಸಸಿಗಳು ಬಾಡಿ ನಿಂತದ್ದನ್ನು ಕಂಡ. ಕರುಣೆ ಬಂದು, ಬಿಸಿಲಲ್ಲಿದ್ದ ಕಲ್ಲುಬಾನಿಯ ನೀರನ್ನೇ ಮೊಗೆದು ಹಾಕಿದ. ಆ ನೀರು ಕಾದಿತ್ತು. ಈಶ್ವರಯ್ಯ ಬೀಜ ಹಾಕಿ ಬೆಳೆಸಿದ್ದ ಸಸಿಗಳೆಲ್ಲ ಬೆಂದುಹೋದವು. ಬೊಮ್ಮಯ್ಯ ಅತ್ತ. ಈಶ್ವರಯ್ಯ ಅಂದೇ ಎಲ್ಲರೆದುರಿಗೆ, ಕ್ಷಮಿಸಿದ್ದೇನೆ ಎಂದ. ಆಮೇಲೆ ಒಂದು ಬಿರುಮಾತೂ ಆಡಲಿಲ್ಲ. ಹೊಸ ಸಸಿ ನೆಟ್ಟ. ಬೊಮ್ಮಯ್ಯನಿಗೆ ಮತ್ತೆ ತೊಂದರೆ ಬೇಡವೆಂದು ಎರಡು ಹೊತ್ತೂ ತಾನೇ ನೀರು ಹಾಕುತ್ತಿದ್ದಾನೆ. ಆದರೂ ಬೊಮ್ಮಯ್ಯ ತೋಟದ ಕಡೆ ಸುಳಿಯುವುದಿಲ್ಲ. ಊಟಕ್ಕೂ ಪಂಕ್ತಿಯ ಆ ತುದಿಗೆ ಕೂರುತ್ತಾನೆ.

ತನ್ನ ಮನಸ್ಸಿನಲ್ಲಿ ಏನೂ ಇಲ್ಲ, ಅವನಿಗೇಕೆ ಸಮಾಧಾನವಿಲ್ಲವೋ ತಿಳಿಯುತ್ತಿಲ್ಲ ಎಂದು ಈಶ್ವರಯ್ಯ ಮಾತು ಮುಗಿಸಿದ.

ಗುರುಗಳು ಮೊರದ ಹೊಟ್ಟನ್ನು ಊದಿದರು. ಆಮೇಲೆ ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಅತ್ತೆ ಇದ್ದಳು. ಹೊನ್ನಮ್ಮ ಎಂದು ಹೆಸರು. ಅವಳ ಹಿತ್ತಲಲ್ಲಿ ಪ್ರತಿ ಬೇಸಿಗೆಯಲ್ಲೂ ಒಂದು ಹೀರೆ ಬಳ್ಳಿ ಹಬ್ಬುತ್ತಿತ್ತು. ಅದರ ಬೀಜ ಅವಳ ತವರಿನದು. ಮದುವೆಯಾಗಿ ಬರುವಾಗ ಅವಳ ತಾಯಿ ಸೆರಗಿಗೆ ಕಟ್ಟಿ ಕಳಿಸಿದ್ದು. ತಾಯಿ ಹೋದಳು, ತವರು ಮನೆಯೂ ಬಿದ್ದುಹೋಯಿತು, ಬಳ್ಳಿ ಉಳಿದಿತ್ತು. ಹೊನ್ನಮ್ಮ ವರ್ಷಕ್ಕೊಂದು ಒಳ್ಳೆಯ ಕಾಯಿಯನ್ನು ಬೀಜಕ್ಕೆಂದು ಬಿಡುವಳು. ಗುರುತಿಗೆ ಅದರ ತೊಟ್ಟಿಗೆ ಅರಿಸಿನದ ದಾರ ಕಟ್ಟುವಳು. ದಾರ ಕಂಡ ಮೇಲೆ ಆ ಮನೆಯಲ್ಲಿ ಯಾರೂ ಆ ಕಾಯಿಯನ್ನು ಮುಟ್ಟುತ್ತಿರಲಿಲ್ಲ.

ಆ ವರ್ಷ ಬಿಸಿಲು ಹೆಚ್ಚು. ಮೊದಲು ಹಾಕಿದ ಬೀಜ ಮೊಳೆತು ಒಣಗಿತು. ಮಡಕೆಯಲ್ಲಿ ಉಳಿದಿದ್ದ ಬೀಜವನ್ನೆಲ್ಲ ಹೊನ್ನಮ್ಮ ಮತ್ತೆ ಹಾಕಿದಳು. ಬದುಕಿದ್ದು ಒಂದೇ ಬಳ್ಳಿ. ಅದಕ್ಕೆ ಅಕ್ಕಿ ತೊಳೆದ ನೀರು ಹಾಕಿದಳು, ಪಾತ್ರೆ ತೊಳೆದ ನೀರು ಹಾಕಿದಳು. ಬುಡಕ್ಕೆ ಹುಲ್ಲು ಮುಚ್ಚಿದಳು. ಬಿಸಿಲೇರಿದರೆ ತೆಂಗಿನ ಗರಿ ಅಡ್ಡ ನಿಲ್ಲಿಸುವಳು. ಎಲೆಗೆ ಹುಳು ಬಿದ್ದರೆ ಒಲೆಯ ಬೂದಿ ಎರಚುವಳು. ಮಿಡಿಗೆ ಬೆರಳು ತೋರಿಸಿದರೆ ಕೊಳೆಯುತ್ತದೆ ಎಂದು ಮಗನನ್ನು ಬೈಯುವಳು. ಬೆರಳು ತೋರಿಸದಿದ್ದರೂ ಮಿಡಿಗಳು ನೊಣ ಕಚ್ಚಿ, ಹಳದಿಯಾಗಿ ಉದುರಿದವು. ಕಡೆಗೆ ಒಂದೇ ಒಂದು ಕಾಯಿ ನೆಟ್ಟಗೆ ಇಳಿಯಿತು. ಹೊನ್ನಮ್ಮ ಅದಕ್ಕೆ ದಾರ ಕಟ್ಟಿದಳು. ದಿನವೂ ಹುರುಳಿ ಸಾರು ತಿಂದು ಸಾಕಾಗಿದ್ದ ಮಗ ಆ ಕಾಯಿಯನ್ನು ನೋಡಿ ನಿಟ್ಟುಸಿರು ಬಿಡುತ್ತಿದ್ದ. ಮುಟ್ಟಲಿಲ್ಲ.

ಆ ಮನೆಗೆ ಆಗಷ್ಟೇ ಸೊಸೆ ಬಂದಿದ್ದಳು. ಚಿಕ್ಕತಾಯಿ ಎಂದು ಹೆಸರು. ಅತ್ತೆ ಎಂದರೆ ಹುಲಿ ಎಂದು ತವರಲ್ಲಿ ಯಾರೋ ಹೇಳಿ ಕಳಿಸಿದ್ದರು. ಹಾಗೆ ಹೇಳಿ ಕಳಿಸುವವರು ಎಲ್ಲ ಊರಲ್ಲೂ ಇರುತ್ತಾರೆ. ಹುಡುಗಿ ಅತ್ತೆಯ ಮೆಚ್ಚುಗೆಗಾಗಿ ಕಾದಿದ್ದಳು.

ಒಂದು ಸೋಮವಾರ ಹೊನ್ನಮ್ಮ ಪಕ್ಕದೂರಿನ ತಮ್ಮನ ಮನೆಗೆ ಹೋಗಿದ್ದಳು. ಊಟದ ಹೊತ್ತಿಗೆ ಬರುವುದಾಗಿ ಹೇಳಿದ್ದಳು. ಚಿಕ್ಕತಾಯಿ ತಲೆಗೆ ಸ್ನಾನ ಮಾಡಿ ಹಿತ್ತಲಿಗೆ ಹೋದಳು. ದಾರ ಕಟ್ಟಿದ ಕಾಯಿ ಕಂಡಿತು. ಅವಳ ತವರಲ್ಲಿಯೂ ಕಾಯಿಗೆ ದಾರ ಕಟ್ಟುತ್ತಿದ್ದರು. ಆದರೆ ಅಲ್ಲಿ ದಾರ ಕಟ್ಟಿದ ಕಾಯಿ ಮನೆದೇವರ ಮೀಸಲು. ಸೋಮವಾರ ಮಡಿಯಲ್ಲಿ ಕುಯ್ದು, ಅಡಿಗೆ ಮಾಡಿ ದೇವರಿಗೆ ಎಡೆ ಇಡಬೇಕು. ಅವಳು ಬಳ್ಳಿಗೆ ಕೈಮುಗಿದು ಕಾಯಿ ಕುಯ್ದಳು. ಪಲ್ಯ ಮಾಡಿದಳು, ಸಿಪ್ಪೆಯದು ಚಟ್ನಿ ಮಾಡಿದಳು. ಎಡೆ ಇಟ್ಟು ಅತ್ತೆಯ ದಾರಿ ಕಾದಳು.

ಮನೆಯವರಿಗೆಲ್ಲ ಗೊತ್ತಿರುವುದನ್ನು ಹೊಸಬಳಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಹೊನ್ನಮ್ಮ ಬಂದು ಕೈಕಾಲು ತೊಳೆದು ಎಲೆಯ ಮುಂದೆ ಕೂತಳು. ಸೊಸೆ ಪಲ್ಯ ಬಡಿಸಿದಳು. ಎಲೆ ನೋಡಿದ ಹೊನ್ನಮ್ಮನಿಗೆ ಅದು ಯಾವ ಕಾಯಿ ಎಂದು ತಿಳಿಯಿತು. ಪಲ್ಯದಲ್ಲಿ ಬೀಜ ಇನ್ನೂ ಬಿಳಿಯಾಗಿತ್ತು, ಬಲಿತಿರಲಿಲ್ಲ. ತಾಯಿಯ ಮುಖ ಕಣ್ಣ ಮುಂದೆ ಬಂತು. ಸಿಟ್ಟೂ ಬಂತು. ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ತಲೆ ಎತ್ತಿದಾಗ ಸೊಸೆಯ ಮುಖ ಕಂಡಿತು. ಆ ಮುಖದಲ್ಲಿ ಹಬ್ಬವಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹೊನ್ನಮ್ಮ ಮಾತು ನುಂಗಿ ಅನ್ನ ಕಲಸಿದಳು. ಮಗ ಏನೋ ಹೇಳಲು ಬಾಯಿ ತೆರೆದ, ತಾಯಿ ಕಣ್ಣು ಬಿಟ್ಟಳು, ಅವನು ಬಾಯಿಗೆ ತುತ್ತು ಹಾಕಿಕೊಂಡ. ಪಲ್ಯ ನಾರುನಾರಾಗಿತ್ತು. ಹೊನ್ನಮ್ಮ ಇನ್ನೊಮ್ಮೆ ಹಾಕಿಸಿಕೊಂಡು ತಿಂದಳು.

ಕತೆ ಇಲ್ಲಿಗೇ ಮುಗಿಯಬಹುದಿತ್ತು. ಅತ್ತೆ ಒಳ್ಳೆಯವಳು ಎಂದು ನಾವೂ ಎದ್ದು ಹೋಗಬಹುದಿತ್ತು. ಆದರೆ ಹಿತ್ತಲಿಗೆ ಬೇಲಿ ಇದ್ದರೆ ಬೇಲಿಯ ಆಚೆ ನೆರೆಯವಳೂ ಇರುತ್ತಾಳೆ.

ನೆರೆಯವಳು ಬೇಲಿಯ ಮೇಲಿಂದ ಇಣುಕಿ, ತವರಿನ ಬೀಜದ ಕಾಯಿ ಎಲ್ಲಿ ಹೋಯಿತು ಎಂದು ಕೇಳಿದಳು. ಹೊನ್ನಮ್ಮ, ತಾನೇ ಕುಯ್ದೆ, ವಯಸ್ಸಾದ ಮೇಲೆ ಬಾಯಿಚಪಲ ಎಂದಳು. ಚಿಕ್ಕತಾಯಿ ಒಳಗೆ ಖಾರ ಅರೆಯುತ್ತಿದ್ದಳು. ಎರಡೂ ಮಾತು ಕೇಳಿಸಿತು. ಅವಳ ಕೈ ಗುಂಡಿನ ಮೇಲೆಯೇ ನಿಂತುಹೋಯಿತು.

ಅಂದಿನಿಂದ ಅವಳು ಹಿತ್ತಲಿಗೆ ಕಾಲಿಡಲಿಲ್ಲ. ಬಟ್ಟೆಯನ್ನು ಮುಂಬಾಗಿಲಲ್ಲಿ ಒಣಗಹಾಕಿದಳು. ಕರಿಬೇವು ಬೇಕಾದರೆ ಗಂಡನನ್ನು ಕಳಿಸಿದಳು. ಅತ್ತೆ ಎದುರು ಬಂದರೆ ನೆಲ ನೋಡಿದಳು, ಊಟ ಅರ್ಧಕ್ಕೆ ಬಿಟ್ಟಳು. ಹೊನ್ನಮ್ಮ ಬಯ್ಯಲಿಲ್ಲ, ಕೆಣಕಲಿಲ್ಲ, ಮೊದಲಿಗಿಂತ ಮೆತ್ತಗೆ ಮಾತಾಡಿದಳು. ಅತ್ತೆ ಮೆತ್ತಗಾದಷ್ಟೂ ಹುಡುಗಿ ಕುಗ್ಗಿದಳು. ಬೀಜ ಹೋದದ್ದಕ್ಕಿಂತ ಇದು ದೊಡ್ಡದಾಯಿತು ಎಂದು ಹೊನ್ನಮ್ಮನಿಗೆ ಅನಿಸಿತು. ಒಂದು ಬಳ್ಳಿಯ ಚಿಂತೆಯಲ್ಲಿ ಇನ್ನೊಂದು ಒಣಗುತ್ತಿತ್ತು.

ಹಿತ್ತಲ ಹೀರೆ ಬಳ್ಳಿ ಇನ್ನೂ ಪೂರ್ತಿ ಒಣಗಿರಲಿಲ್ಲ. ಬುಡದ ಎಲೆ ಸುಟ್ಟಿದ್ದರೂ ಕುಡಿ ಹಸಿರಾಗಿತ್ತು. ಒಂದು ಸಂಜೆ ಅದರಲ್ಲಿ ಹಳದಿ ಹೂವಿನ ಕೆಳಗೆ ಕಿರುಬೆರಳಿಗಿಂತ ಚಿಕ್ಕ ಮಿಡಿ ಕಂಡಿತು. ಹೊನ್ನಮ್ಮ ಅದನ್ನು ಬಹಳ ಹೊತ್ತು ನೋಡಿದಳು. ಇದೂ ಹೋದರೆ ತಾಯಿಯ ಬೀಜ ಲೋಕದಲ್ಲಿಲ್ಲ. ಅವಳು ಒಳಗೆ ಹೋಗಿ ನೀರಿನ ಕೊಡ ತಂದು ಸೊಸೆಯ ಮುಂದೆ ಇಟ್ಟಳು. ತನಗೆ ಸೊಂಟ ನೋವು, ಇವತ್ತಿನಿಂದ ಬಳ್ಳಿ ನಿನ್ನದು ಎಂದಳು.

ಚಿಕ್ಕತಾಯಿ ಕೊಡ ಮುಟ್ಟಲಿಲ್ಲ. "ನಾನು ಮುಟ್ಟಿದ್ದೇ ಸಾಕು ಅತ್ತೆಮ್ಮ. ಇರೋದೂ ಹೋದ್ರೆ?"

"ಹೋದ್ರೆ ಇಬ್ರೂ ಕೂತ್ಕೊಂಡು ಅಳಾಣ ಕಣವ್ವ. ಈಗ ಹೋಗಿ ನೀರು ಹಾಕು," ಎಂದಳು ಹೊನ್ನಮ್ಮ.

ಸೊಸೆ ಕೊಡ ಎತ್ತಿಕೊಂಡು ಹಿತ್ತಲಿಗೆ ಹೋದಳು. ಹೊನ್ನಮ್ಮ ನಡುಮನೆಯಲ್ಲಿ ಹಿತ್ತಲ ಬಾಗಿಲಿಗೆ ಬೆನ್ನು ಹಾಕಿ ಕೂತಳು. ನೀರು ಸುರಿಯುವ ಸದ್ದು ಕೇಳುತ್ತಿತ್ತು. ಹೆಚ್ಚಾಯಿತೋ, ಕಡಿಮೆಯಾಯಿತೋ, ಹುಲ್ಲು ಸರಿಸಿ ಹಾಕಿದಳೋ ಇಲ್ಲವೋ ಎಂದು ಮನಸ್ಸು ಎದ್ದು ಎದ್ದು ಓಡಿತು. ಅವಳು ಏಳಲಿಲ್ಲ. ಇಣುಕಲಿಲ್ಲ. ಹೋದ ಕಾಯಿಯ ಪಲ್ಯ ತಿನ್ನುವುದು ಅವಳಿಗೆ ಕಷ್ಟವಾಗಿತ್ತು. ಹೀಗೆ ಬೆನ್ನು ಹಾಕಿ ಕೂರುವುದು ಅದಕ್ಕಿಂತ ಕಷ್ಟವಾಯಿತು.

ದಿನವೂ ಹಾಗೆಯೇ ನಡೆಯಿತು. ಗರಿ ಎಲ್ಲಿ ನಿಲ್ಲಿಸಲಿ ಎಂದು ಸೊಸೆ ಕೇಳಿದರೆ ಅತ್ತೆ ಹೇಳುವಳು. ಕೇಳದಿದ್ದರೆ ಸುಮ್ಮನಿರುವಳು. ಮಿಡಿ ಸ್ವಲ್ಪ ಇಳಿದಾಗ ಚಿಕ್ಕತಾಯಿ ನೊಣ ಕೂರದಂತೆ ತನ್ನ ಹಳೇ ಸೀರೆಯ ತುಂಡನ್ನು ಅದಕ್ಕೆ ಸುತ್ತಿದಳು. ಕಾಯಿ ಸೊಟ್ಟಗೆ ಬೆಳೆಯಿತು. ಬೀಜಕ್ಕೆ ಬಿಡಲು ಹೊನ್ನಮ್ಮ ಬೇರೆ ವರ್ಷವಾಗಿದ್ದರೆ ಅದನ್ನು ಆರಿಸುತ್ತಿರಲಿಲ್ಲ. ಈಗ ಅರಿಸಿನದ ದಾರವನ್ನು ಸೊಸೆಯ ಕೈಗೆ ಕೊಟ್ಟು, ನೀನೇ ಕಟ್ಟು ಎಂದಳು. ಚಿಕ್ಕತಾಯಿ ಕಟ್ಟಲು ಹೋದಳು. ಗಂಟು ಎರಡು ಸಲ ಜಾರಿತು.

ಮಳೆಗಾಲ ಹತ್ತಿರವಾಗುವ ಹೊತ್ತಿಗೆ ಕಾಯಿ ಒಣಗಿ ಕಂದು ಬಣ್ಣಕ್ಕೆ ತಿರುಗಿತು. ಚಿಕ್ಕತಾಯಿ ಅದನ್ನು ಕಿತ್ತು ತಂದು ಅತ್ತೆಯ ಕಿವಿಯ ಹತ್ತಿರ ಅಲ್ಲಾಡಿಸಿದಳು. ಒಳಗೆ ಬೀಜ ಗಲಗಲ ಎಂದಿತು. ಹೊನ್ನಮ್ಮ ಕಣ್ಣೊರಸಿಕೊಂಡಳು. ಕಾಯಿಯ ತುದಿ ಮುರಿದು, ಸೊಸೆಯ ಸೆರಗು ಹಿಡಿಸಿ, ಬೀಜವನ್ನೆಲ್ಲ ಅದರಲ್ಲಿ ಸುರಿದು ಗಂಟು ಹಾಕಿದಳು. ಕ್ಷಮಿಸಿದ್ದೇನೆ ಎಂದು ಅವಳು ಯಾವತ್ತೂ ಹೇಳಲಿಲ್ಲ. ಆ ರಾತ್ರಿ ಹುಡುಗಿ ಹೊಟ್ಟೆ ತುಂಬ ಉಂಡಳು.

ಗುರುಗಳು ಕತೆ ನಿಲ್ಲಿಸಿ ಮತ್ತೆ ತೆನೆ ಉಜ್ಜತೊಡಗಿದರು.

ಈಶ್ವರಯ್ಯ ತಲೆದೂಗಿದ. ಬಲು ದೊಡ್ಡ ಮನಸ್ಸಿನ ಹೆಂಗಸು, ಇದನ್ನು ಬೊಮ್ಮಯ್ಯನಿಗೂ ಹೇಳಬೇಕು ಎಂದ. ಆಮೇಲೆ ಹೊತ್ತು ಮುಳುಗುತ್ತಿರುವುದನ್ನು ನೋಡಿ, ಸಸಿಗಳಿಗೆ ನೀರು ಹಾಕಿ ಬರುವೆನೆಂದು ಕೊಡ ಎತ್ತಿಕೊಂಡ.

ಗುರುಗಳು ಮೊರದಿಂದ ಕಣ್ಣು ಎತ್ತದೆ ಕೇಳಿದರು:

"ಆ ಕೊಡ ಇನ್ನೂ ನಿನ್ನ ಕೈಯಲ್ಲೇ ಇದೆಯಲ್ಲ, ಈಶ್ವರಯ್ಯ?"