ಗೊರವಂಕ ಕಲಿತು ಬಂದ ಮಾತು

ಕುರುಚಲು ಕಾಡಿನ ನಡುವೆ ಒಂದು ಕೊಳವಿತ್ತು. ಕೊಳದ ದಡದಲ್ಲಿ ಒಂದು ಹಳೆಯ ಹೊಂಗೆ ಮರ. ಮರದಿಂದ ನಾಲ್ಕು ಮಾರು ದೂರದಲ್ಲಿ, ಬೆಣಚುಕಲ್ಲುಗಳ ನಡುವೆ, ಒಂದು ಟಿಟ್ಟಿಭ ಹಕ್ಕಿ ಮೊಟ್ಟೆಗಳಿಗೆ ಕಾವು ಕೊಡುತ್ತ ಕೂತಿತ್ತು. ಉದ್ದ ಕಾಲು, ಕೆಂಪು ಕೊಕ್ಕು, ಎದೆಯ ತುಂಬ ಪುಕ್ಕಲು. ಎಲೆ ಅಲ್ಲಾಡಿದರೂ ಬೆಚ್ಚಿ ಬೀಳುತ್ತಿತ್ತು. ನೀವು ನೋಡಿದ್ದರೆ ನಕ್ಕೇ ಬಿಡುತ್ತಿದ್ದಿರಿ, ಮಕ್ಕಳೇ.

ಆದರೆ ಕೊಳದವರು ಯಾರೂ ನಗುತ್ತಿರಲಿಲ್ಲ. ಅಲ್ಲೊಂದು ಕಟ್ಟುಪಾಡಿತ್ತು. ಟಿಟ್ಟಿಭ ಕೂಗಿದರೆ ಮೊದಲು ಬಾಯಿ ಮುಚ್ಚಿ ಅಡಗಬೇಕು, ಏನು ಎತ್ತ ಅಂತ ಆಮೇಲೆ ಕೇಳಬೇಕು. ಹತ್ತು ಸಲ ಕೂಗಿದರೆ ಒಂಬತ್ತು ಸಲ ಏನೂ ಇರುತ್ತಿರಲಿಲ್ಲ. ಆಗ ಮೊಲ ಮೈ ಕೊಡವಿಕೊಂಡು, "ಇರಲಿ ಬಿಡು ಟಿಟ್ಟಿಭಕ್ಕ, ಕೂಗಿದ್ದೇ ಒಳ್ಳೆಯದಾಯ್ತು" ಎನ್ನುತ್ತಿತ್ತು. ಆ ಹತ್ತನೆಯ ಕೂಗಿನಿಂದಲೇ ಎಲ್ಲರ ಜೀವ ಉಳಿದಿತ್ತು.

ಹೀಗಿರುವಾಗ ಹೊಂಗೆ ಮರದ ಪೊಟರೆಗೆ ಒಂದು ಗೊರವಂಕ ಬಂದು ಸೇರಿತು. ಅದು ಒಂದು ವರ್ಷ ಯಾರೋ ಸಾಹೇಬರ ಬಂಗಲೆಯ ಪಂಜರದಲ್ಲಿದ್ದ ಹಕ್ಕಿ. ಆ ಸಾಹೇಬರು ಬೆಳಗಾದರೆ ಸಾಕು, ಅಡುಗೆಯವನನ್ನೂ ಮಾಲಿಯನ್ನೂ ಇಂಗ್ಲಿಷಿನಲ್ಲಿ ಗದರುತ್ತಿದ್ದರು. ಗೊರವಂಕ ಕಲಿತದ್ದು ಅದನ್ನೇ. ಒಳ್ಳೆಯ ಮಾತು ಕಿವಿಗೆ ಬೀಳಲಿಲ್ಲವೋ, ಬಿದ್ದರೂ ರುಚಿಸಲಿಲ್ಲವೋ!

ಅಳಿಲಿನ ಕೈಯಿಂದ ಕಾಯಿ ಜಾರಿದರೆ "ಯೂಸ್‌ಲೆಸ್!" ಕಪ್ಪೆ ವಟಗುಟ್ಟಿದರೆ "ರಬ್ಬಿಶ್!"

"ಹಾಗಂದ್ರೆ ಏನಮ್ಮ?" ಎಂದು ಕಪ್ಪೆ ಕೇಳಿತು.

"ಅಷ್ಟೂ ಗೊತ್ತಿಲ್ವಾ? ಸ್ಟುಪಿಡ್!"

ಕಪ್ಪೆ ಪುಳಕ್ಕನೆ ನೀರಿಗಿಳಿಯಿತು. ಅರ್ಥ ಗೊರವಂಕಕ್ಕೂ ಗೊತ್ತಿರಲಿಲ್ಲ ಅನ್ನಿ. ಆದರೆ ಅದು ಕೊಕ್ಕು ವಾರೆ ಮಾಡಿ, ಒಂದೇ ಕಣ್ಣಲ್ಲಿ ಕೆಳಗೆ ನೋಡುತ್ತ ಹೇಳುವ ರೀತಿಗೆ, ಕೇಳಿದವರ ಮೈ ಹಿಡಿಯಷ್ಟಾಗುತ್ತಿತ್ತು.

ಗೊರವಂಕಕ್ಕೆ ಮೂರು ಮರಿಗಳಾದವು. ಅವು ಕಲಿತ ಮೊದಲ ಮಾತೂ ಅದೇ. ಅವುಗಳಲ್ಲಿ ದೊಡ್ಡದಕ್ಕೆ ಗಂಟಲು ಜೋರು. "ನಾನ್ಸೆನ್ಸ್! ನಾನ್ಸೆನ್ಸ್!" ಎಂದು ಇಡೀ ದಿನ ಪೊಟರೆಯಿಂದ ಅರಚುತ್ತಿತ್ತು. "ಎಷ್ಟು ಚೆನ್ನಾಗಿ ಹೇಳುತ್ತೆ ನನ್ನ ಕಂದ!" ಎಂದು ತಾಯಿ ಬೀಗುತ್ತಿತ್ತು.

ಒಂದು ಬೆಳಿಗ್ಗೆ ಟಿಟ್ಟಿಭದ ತಲೆಯ ಮೇಲೆ ನೆರಳೊಂದು ಹಾದುಹೋಯಿತು. "ಟಿಟ್ಟೀ! ಟಿಟ್ಟೀ!" ಎಂದು ಅದು ಕೂಗಿತು. ಎಲ್ಲರೂ ಅಡಗಿದರು. ಗಿರಗಿರನೆ ತಿರುಗುತ್ತ ಕೆಳಗೆ ಬಿದ್ದದ್ದು ಒಂದು ಒಣಗಿದ ಮುತ್ತುಗದ ಎಲೆ.

"ಇದಕ್ಕಾ ಇಷ್ಟು ಗಲಾಟೆ? ನಾನ್ಸೆನ್ಸ್!" ಎಂದಿತು ಗೊರವಂಕ.

"ನಾನ್ಸೆನ್ಸ್! ಯೂಸ್‌ಲೆಸ್!" ಎಂದವು ಮರಿಗಳು.

ಈ ಸಲ ಮೊಲವೂ ನಕ್ಕಿತು. ಟಿಟ್ಟಿಭಕ್ಕೆ ಆ ನಗುವೇ ಹೆಚ್ಚು ನೋವು ಕೊಟ್ಟಿತು. ಅದು ತಲೆ ತಗ್ಗಿಸಿ ಮೊಟ್ಟೆಗಳ ಮೇಲೆ ಕೂತಿತು. ಅಂದಿನಿಂದ ಅದಕ್ಕೆ ಎರಡು ಹೆದರಿಕೆ. ಒಂದು, ಅಪಾಯ ಬಂದೀತೆಂದು. ಇನ್ನೊಂದು, ಕೂಗಿದ ಮೇಲೆ ಅದು ಬಾರದೆ ಹೋದೀತೆಂದು.

ಒಂದು ಮಟಮಟ ಮಧ್ಯಾಹ್ನ ಗೊರವಂಕ ಮಿಡತೆ ಹಿಡಿಯಲು ಹೋಗಿತ್ತು. ಮರದ ಬುಡದಲ್ಲಿ ಉದ್ದನೆಯದೇನೋ ಬಿದ್ದಿರುವುದು ಟಿಟ್ಟಿಭದ ಕಣ್ಣಿಗೆ ಬಿತ್ತು. ಮರದ ಬೇರೋ? ಬಳ್ಳಿಯೋ? ನೋಡುತ್ತಿದ್ದಂತೆಯೇ ಅದು ಒಂದು ಗೇಣು ಮೇಲಕ್ಕೆ ಸರಿಯಿತು.

ಕೇರೆ ಹಾವು!

ಟಿಟ್ಟಿಭದ ಕೊಕ್ಕು ತೆರೆಯಿತು. 'ಬಳ್ಳಿಯೇ ಆಗಿದ್ದರೆ? ಎಲ್ಲರೆದುರು ಮತ್ತೆ ನಗುತ್ತಾರಲ್ಲ!' ಕೊಕ್ಕು ಮುಚ್ಚಿತು. ಕೊಂಬೆಯ ಮೇಲಿದ್ದ ಅಳಿಲೂ ಕೆಳಗೆ ನೋಡುತ್ತಿತ್ತು. ಟಿಟ್ಟಿಭದ ಕಣ್ಣಿಗೆ ಅದರ ಕಣ್ಣು ಸಿಕ್ಕಿತು. ಅಳಿಲು ಸುಮ್ಮನೆ ಮುಖ ತಿರುಗಿಸಿತು. ಕಪ್ಪೆ ನೀರಿನಿಂದ ಕಣ್ಣು ಹೊರಹಾಕಿ ನೋಡಿ ಮುಳುಗಿತು. ಎಲ್ಲರಿಗೂ ಕಂಡಿತ್ತು. ಯಾರ ಬಾಯಿಯೂ ಬಿಚ್ಚಲಿಲ್ಲ.

ಹಾವು ಸದ್ದಿಲ್ಲದೆ ಏರಿತು. ಆ ಮರದಲ್ಲಿ ಏಳೆಂಟು ಪೊಟರೆಗಳಿದ್ದವು. ಕೆಳಗಿನದಕ್ಕೆ ತಲೆ ಹಾಕಿತು, ಖಾಲಿ. ಪಕ್ಕದ್ದಕ್ಕೆ ಹಾಕಿತು, ಅದೂ ಖಾಲಿ. ಮೇಲಕ್ಕೋ, ಕೆಳಕ್ಕೋ ಎಂದು ನಾಲಿಗೆ ಚಾಚುತ್ತ ತಡೆದು ನಿಂತಿತು.

ಇನ್ನು ತಡೆಯಲಾಗದೆ ಟಿಟ್ಟಿಭ ಚೀರಿತು. "ಟಿಟ್ಟೀ! ಟಿಟ್ಟೀ! ಟಿಟ್ಟೀ!"

ಮೊಲ ಪೊದೆಗೆ ನುಗ್ಗಿತು. ಕೊಳವೆಲ್ಲ ಸ್ತಬ್ಧವಾಯಿತು. ಆ ನಿಶ್ಶಬ್ದದೊಳಗೆ ಮೇಲಿನ ಪೊಟರೆಯಿಂದ ಖಣಿಖಣಿ ದನಿ ಕೇಳಿಸಿತು. "ನಾನ್ಸೆನ್ಸ್! ಯೂಸ್‌ಲೆಸ್! ನಾನ್ಸೆನ್ಸ್!"

ಹಾವಿನ ತಲೆ ಮೆಲ್ಲಗೆ ಅತ್ತ ತಿರುಗಿತು. ಅದು ಆ ಪೊಟರೆಯತ್ತ ಹರಿಯತೊಡಗಿತು.

"ಸುಮ್ನಿರ್ರೋ ಕಂದಗಳಾ! ಹಾವು! ಒಳಗೆ ಹೋಗ್ರೋ!" ಎಂದು ಟಿಟ್ಟಿಭ ಗೋಗರೆಯಿತು.

"ಸ್ಟುಪಿಡ್!" ಎಂದಿತು ದೊಡ್ಡ ಮರಿ. ಇನ್ನೂ ಚೆನ್ನಾಗಿ ಬಯ್ಯಲೆಂದು ಪೊಟರೆಯಿಂದ ಕುತ್ತಿಗೆ ಹೊರಗೆ ಚಾಚಿತು. "ನಾನ್..."

ಉಳಿದರ್ಧ ಕೇಳಿಸಲಿಲ್ಲ.

ಟಿಟ್ಟಿಭ ಮೊಟ್ಟೆಗಳನ್ನು ಬಿಟ್ಟು ಹಾರಿತು. ಕೂಗು ಕೇಳಿ ಗೊರವಂಕವೂ ಬಂದು ಎರಗಿತು. ಎರಡೂ ಸೇರಿ ಕುಕ್ಕಿ ಕುಕ್ಕಿ ಹಾವನ್ನು ಮರದಿಂದ ಇಳಿಸಿದವು. ಅದು ಉಬ್ಬಿದ ಗಂಟಲಿನೊಂದಿಗೆ ಹುಲ್ಲಿನಲ್ಲಿ ಮರೆಯಾಯಿತು. ಪೊಟರೆಯ ತಳದಲ್ಲಿ ಎರಡು ಮರಿಗಳು ಒಂದಕ್ಕೊಂದು ಅಂಟಿಕೊಂಡು ನಡುಗುತ್ತಿದ್ದವು.

ಗೊರವಂಕ ಅತ್ತು ಅತ್ತು ಸುಸ್ತಾಯಿತು. ಟಿಟ್ಟಿಭ ಕೆಳಗೆ ನಿಂತು, "ನಾನು ಮೊದಲೇ ಕೂಗಬೇಕಿತ್ತು ಕಣಮ್ಮ. ಕಂಡಿತ್ತು. ಹೆದರಿಬಿಟ್ಟೆ" ಎಂದಿತು.

"ಹಾವಿಗಾ?"

"ಅಲ್ಲಮ್ಮ. ನಿನಗೆ."

ಗೊರವಂಕ ಪೊಟರೆಯೊಳಗೆ ಸರಿದು, ಉಳಿದ ಮರಿಗಳ ಪಕ್ಕ ಕೂತಿತು.

ಮರುದಿನ ಬೆಳಿಗ್ಗೆ ಮತ್ತೆ ನೆರಳೊಂದು ಹಾದುಹೋಯಿತು. ಟಿಟ್ಟಿಭ ಒಮ್ಮೆ ಪೊಟರೆಯ ಕಡೆ ನೋಡಿತು. ಆಮೇಲೆ ಕಣ್ಣು ಮುಚ್ಚಿಕೊಂಡು ಕೂಗಿತು. ಎಲ್ಲರೂ ಅಡಗಿದರು. ಪೊಟರೆಯಿಂದ ಒಂದು ಕಿಚ್ ಎಂಬ ಸದ್ದೂ ಬರಲಿಲ್ಲ.

ಬಿದ್ದದ್ದು ಮುತ್ತುಗದ ಎಲೆಯೇ. ಟಿಟ್ಟಿಭ ನಾಚಿ ಕುಗ್ಗಿತು. ಆಗ ಗೊರವಂಕ ಎರಡು ಮರಿಗಳನ್ನು ರೆಕ್ಕೆಯೊಳಗೆ ಅವುಚಿಕೊಂಡು ಹೊರಗೆ ಇಣುಕಿತು.

"ಇರಲಿ ಬಿಡು ಟಿಟ್ಟಿಭಕ್ಕ," ಎಂದಿತು ಮೆಲ್ಲಗೆ. "ಕೂಗಿದ್ದೇ ಒಳ್ಳೆಯದಾಯ್ತು."

ನೀತಿ: ಹೀಯಾಳಿಸಿ ಇತರರ ಬಾಯಿ ಮುಚ್ಚಿಸಿದರೆ, ನಮಗೆ ಅಪಾಯ ಬಂದಾಗ ಎಚ್ಚರಿಸುವ ಬಾಯಿಯೂ ಮುಚ್ಚಿಹೋಗುತ್ತದೆ.